ಸೀಮೆಸುಣ್ಣದ ಗುರುತು

ಅಲ್ಲ ಕಣೇ ಪುಟ್ಟಿ, "ನಿನ್ ಕೈಲಿ ಆಗಲ್ಲ" ಅಂದಿದ್ದು ನಿಮ್ಮಜ್ಜ ಅಲ್ಲ, ಅವರಣ್ಣ, ನಮ್ ಭಾವ. ನಾನು ಗಾರ್ಮೆಂಟ್ಸಿಗೆ ಹೋಗ್ತೀನಿ ಅಂದಾಗ ಇದೇ ಜಗಲಿ ಮೇಲೆ, ಅಲ್ಲ, ಆ ಹಳೇ ಮನೆ ಜಗಲಿ ಮೇಲೆ, ಎಲೆಗೆ ಸುಣ್ಣ ಹಚ್ತಾ ಅಂದ್ರು, "ಬಸ್ಸಿನ ಬೋರ್ಡ್ ಓದಕ್ಕೆ ಬರಲ್ಲ, ಕಡೂರಿಗೆ ಹೋಗಿ ಕರೆಂಟ್ ಮಿಷನ್ ತುಳಿತಾಳಂತೆ. ವಾರಕ್ಕೇ ವಾಪಸ್ ಬತ್ತಾಳೆ ಬಿಡು." ನಾನು ಆ ಬೋರ್ಡ್ ನೋಡ್ತಾ ನೋಡ್ತಾನೇ ಓದು ಕಲ್ತೆ, ಅಜ್ಜಂಪುರ, ತರೀಕೆರೆ, ಕಡೂರು ಅಂತ. ಮಿಷನ್ನೂ ಕಲ್ತೆ. ಅವತ್ತಿಂದ ಯಾರು ಬ್ಯಾಡ ಅಂದ್ರೂ ಅದನ್ನೇ ಮಾಡೋದು ಅಂತ ಆಗೋಯ್ತು ನಂಗೆ.

ಒಂದ್ ವರ್ಷ ಆ ಗಾರ್ಮೆಂಟ್ಸ್ ಫ್ಯಾಕ್ಟರೀಲಿ ಆರ್ಡರ್ ಕಮ್ಮಿ, ಹೊಲಿಯೋದಕ್ಕಿಂತ ಸುಮ್ನೆ ಕೂರೋದೇ ಜಾಸ್ತಿ. ಆಯುಧಪೂಜೆ ಹಿಂದಿನ ದಿನ ನಮ್ ಸೂಪರ್‌ವೈಸರ್ ಲೋಕೇಶ, ಪಂಚನಹಳ್ಳಿಯೋನು, ಸೀಮೆಸುಣ್ಣ ಹಿಡ್ಕೊಂಡು ಬಂದು ಕೆಲವು ಮಿಷನ್ ಮೇಲೆ ಗುಂಡಗೆ ಗುರುತು ಹಾಕ್ಕೊಂಡು ಹೋದ. ನಾವೇನ್ ಅನ್ಕೊಂಡ್ವಿ? ಎಲ್ಲಾದಕ್ಕೂ ಹಾರ ತರಕ್ಕೆ ಕಂಪ್ನಿ ಕೈಲಿ ಆಗಲ್ಲ, ಗುರುತಿರೋದಕ್ಕೆ ಮಾತ್ರ ಪೂಜೆ ಅಂತ. ಪಕ್ಕದ ರತ್ನಮ್ಮಂದಕ್ಕೆ ಹಾಕ್ದ, ನಂದಕ್ಕಿಲ್ಲ. ಅವಳು ಬೇರೆ, "ಒಳ್ಳೆ ಮಿಷನ್ ಯಾವ್ದು ಅಂತ ದೇವ್ರಿಗೂ ಗೊತ್ತಾಗುತ್ತೆ ಬಿಡಕ್ಕ" ಅಂದ್ಳು. ಉರ್ದೋಯ್ತು ನಂಗೆ. "ಲೇ ಲೋಕೇಶ, ನನ್ ಮಿಷನ್ ಏನ್ ಪಾಪ ಮಾಡೈತೆ, ಇದಕ್ಕೂ ಹಾಕೋ" ಅಂದೆ. "ಬ್ಯಾಡ ಕಣಕ್ಕ" ಅಂದ, ನನ್ ಮುಖಾನೂ ನೋಡದೆ. "ಬ್ಯಾಡ ಅನ್ನಕ್ಕೆ ನೀನ್ಯಾರೋ" ಅಂತ ಸೀಮೆಸುಣ್ಣ ಕಿತ್ಕೊಂಡು ನಾನೇ ಹಾಕ್ದೆ, ಎಲ್ಲರ್ದಕ್ಕಿಂತ ದೊಡ್ದಾಗಿ.

ಪೂಜೆ ಆಯ್ತು, ಬೂದುಗುಂಬಳ ಒಡುದ್ರು, ಮಂಡಕ್ಕಿ ತಿಂದ್ವಿ. ಹಬ್ಬ ಮುಗ್ಸಿ ಹೋದ್ರೆ ಗೇಟಲ್ಲಿ ಲಾರಿ. ಮ್ಯಾನೇಜರ್ ಅಂದ, "ಗುರುತಿರೋ ಮಿಷನ್ ಮಾರಿದೀವಿ. ಅದರಲ್ಲಿ ಹೊಲೀತಿದ್ದೋರಿಗೆ ಇವತ್ತಿಂದ ಕೆಲಸ ಇಲ್ಲ." ನಾನು ಮುಂದಕ್ಕೋಗಿ, "ಸಾರ್, ನಂದಕ್ಕೆ ನಾನೇ ಹಾಕ್ಕೊಂಡಿದ್ದು" ಅಂದೆ. "ಎಲ್ರೂ ಹಂಗೇ ಹೇಳ್ತಾರಮ್ಮ" ಅಂದ. ಲೋಕೇಶ ಬಾಯಿ ತೆಗ್ದ, ಮ್ಯಾನೇಜರ್ ಮುಖ ನೋಡಿ ಮುಚ್ಕೊಂಡ. ಯಾರಿಗೂ ಹೇಳ್ಬೇಡ ಅಂತ ಮೊದಲೇ ಹೆದರ್ಸಿದ್ರಂತೆ ಅವನಿಗೆ. ನನ್ ಮಿಷನ್ ಎತ್ತಿ ಲಾರಿಗೆ ಹಾಕಿದ್ರು, ನಾನ್ ಮುಡಿಸಿದ್ ಚೆಂಡುಹೂವು ಇನ್ನೂ ಬಾಡಿರಲಿಲ್ಲ ಕಣೇ. ರತ್ನಮ್ಮ ಅಳ್ತಿದ್ಳು. ನಂಗೆ ಅಳೂ ಬರ್ಲಿಲ್ಲ, ಊಟದ ಡಬ್ಬಿ ಹಿಡ್ಕೊಂಡು ನಿಂತೇ ಇದ್ದೆ. ಆ ಗೇಟಿಂದ ಬಸ್‌ಸ್ಟ್ಯಾಂಡಿಗೆ ಹೆಂಗ್ ಬಂದೆ ಅಂತ ಇವತ್ತಿಗೂ ಗೊತ್ತಿಲ್ಲ.

ಈಗ ಒಳಗೆ ಎರಡು ಮಿಷನ್ ಅವೆ, ಎರಡೂ ನಂದೇ. ಈ ಮನೆ ಖಾತೆನೂ ನನ್ ಹೆಸ್ರಲ್ಲೈತೆ. ಮಿಷನ್ ತಗೊಳಕ್ಕೆ ಕಿವಿ ಓಲೆ ಹೋಯ್ತು, ರಾತ್ರಿಯೆಲ್ಲಾ ಹೊಲ್ದು ಹೊಲ್ದು ಬಲಗಣ್ಣು ಹೋಯ್ತು. ಬ್ಯಾಡ ಅನ್ನೋರೆಲ್ಲ ನಮ್ ಭಾವ ಆಗಿರಲ್ಲ ಕಣೇ. ಯಾಕೆ ಅಂತ ಒಂದ್ ಮಾತು ಕೇಳು.