ತೊಳೆಯಬಾರದಾಗಿದ್ದ ಮರಳು

ಮಾನ್ಯ ಮೇಯರ್ ಅವರೇ, ರಾಜಧಾನಿ ತಾಲಿನ್ನಿನಿಂದ ಬಂದ ಅತಿಥಿಗಳೇ, ಈಗಷ್ಟೇ ಹಾಡಿ ಕುಳಿತ ಗಾಯನವೃಂದದವರೇ, ಹಿಂದಿನ ಮೇಜಿನ ಸಿಹಿ ಬ್ರೆಡ್ಡಿನ ಮೇಲೆ ಕಣ್ಣಿಟ್ಟಿರುವ ಕಡಕರಾನ್ನಾ ಊರಿನ ಸಭಿಕರೇ,

ಐದೇ ನಿಮಿಷ ಮಾತಾಡು ಎಂದು ನನ್ನ ಹೆಂಡತಿ ಮಾಯ್ಲಿ ಅಪ್ಪಣೆ ಕೊಟ್ಟಿದ್ದಾಳೆ. ಮೂವತ್ತು ವರ್ಷ ಈ ಊರಿಗೆ ಶುದ್ಧ ನೀರು ಕೊಟ್ಟ ಡಾಕ್ಟರ್ ಎಂಡೆಲ್ ಎಂದು ಈಗ ತಾನೇ ನನ್ನನ್ನು ಹೊಗಳಿದರು. ಕೇಳುವುದಕ್ಕೆ ಹಿತವಾಗಿತ್ತು, ಅದಕ್ಕೇ ಮಧ್ಯದಲ್ಲಿ ತಡೆಯಲಿಲ್ಲ.

ನಮ್ಮ ಆಳದ ಬಾವಿಗಳ ನೀರಿನಲ್ಲಿ ಬಂಡೆಯಿಂದಲೇ ಬಂದ ರೇಡಿಯಂ ಇದೆ. ರುಚಿಯಿಲ್ಲ, ವಾಸನೆಯಿಲ್ಲ, ಆದರೆ ಜೀವನವಿಡೀ ಕುಡಿಯುವಂಥದ್ದಲ್ಲ. ಅದನ್ನು ಹಿಡಿಯುವವರು ಯಾರು? ನಾನೇ? ಅಲ್ಲ. ಅದೇ ನೀರಿನ ಮ್ಯಾಂಗನೀಸು ಗಾಳಿ ಸೋಕಿ ಆಕ್ಸೈಡ್ ಆಗಿ, ನೀರು ಸೋಸುವ ತೊಟ್ಟಿಯ ಮರಳಿನ ಕಾಳುಗಳಿಗೆ ಕಪ್ಪಗೆ ಅಂಟುತ್ತದೆ. ಆ ಕಪ್ಪು ಮೈಗೆ ರೇಡಿಯಂ ಬಂದು ಕಚ್ಚಿಕೊಳ್ಳುತ್ತದೆ. ಇಷ್ಟನ್ನೇ ಇನ್ನೂರ ಹನ್ನೆರಡು ಪುಟ ಬರೆದು ನಾನು ಡಾಕ್ಟರ್ ಆದೆ. ಬರೆಯುವಾಗ ಆ ಮರಳನ್ನು ಕಣ್ಣಾರೆ ಕಂಡಿರಲಿಲ್ಲ.

ಹದಿನೆಂಟು ವರ್ಷಗಳ ಹಿಂದೆ ರಾಜಧಾನಿಯಿಂದ ತಪಾಸಣೆಗೆ ಬರುತ್ತೇವೆಂದರು. ತೊಟ್ಟಿಯಲ್ಲಿ ಇಣುಕಿದೆ. ಮರಳು ಮಸಿಯಂತಿತ್ತು! ನನಗೆ ನಾಚಿಕೆಯಾಯಿತು. ಮನೆಗೆ ನೆಂಟರು ಬರುತ್ತಾರೆಂದರೆ ಕಿಟಕಿ ಒರೆಸುವ ಜನ ನಾವು. ಎರಡೂ ತೊಟ್ಟಿಗಳ ಮರಳನ್ನು ಆಮ್ಲ ಹಾಕಿ ತೊಳೆಯಿರಿ ಎಂದು ಆಜ್ಞೆ ಮಾಡಿದೆ. ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದ ಹೆಲ್ವೆ ಲೆಪ್ಪಿಕ್ ಸೊಂಟಕ್ಕೆ ಕೈಯಿಟ್ಟು ನಿಂತರು.

"ಡಾಕ್ಟರೇ, ಆ ಕಪ್ಪೇ ಅಲ್ವಾ ಕೆಲಸ ಮಾಡೋದು? ಅದನ್ನ ತೆಗೆದ್ರೆ ಉಳಿಯೋದು ಬರೀ ಮರಳು. ಮಕ್ಕಳು ಆಡ್ಕೊಳ್ಳೋಕೆ ಆಗುತ್ತೆ, ಅಷ್ಟೆ."

"ಆಕ್ಸೈಡುಗಳ ವಿಷಯ ನನಗೆ ಹೇಳಿಕೊಡ್ತೀರಾ?" ಎಂದೆ.

"ಹೇಳಿಕೊಟ್ಟೆ. ನೀವು ಕಲೀಲಿಲ್ಲ."

ಮೊದಲನೇ ತೊಟ್ಟಿ ತೊಳೆದಾಯಿತು. ಎರಡನೆಯದರ ಬಾಗಿಲಿನ ಕೀಲಿ ಕಳೆದುಹೋಗಿದೆ ಎಂದರು ಹೆಲ್ವೆ. ತಪಾಸಣೆಯವರು ಹೊಳೆಯುವ ಮರಳು ನೋಡಿ ನನ್ನ ಬೆನ್ನು ತಟ್ಟಿದರು. ಮೂರು ವಾರದ ಮೇಲೆ ಪ್ರಯೋಗಾಲಯದ ಕಾಗದ ಬಂತು: ಮೊದಲನೇ ತೊಟ್ಟಿಗೆ ಹೋದಷ್ಟೇ ರೇಡಿಯಂ ಅದರಿಂದ ಹೊರಗೂ ಬರುತ್ತಿದೆ. ಅದನ್ನು ಹೆಲ್ವೆಯ ಕೈಗೆ ಕೊಟ್ಟೆ. ಹೆಲ್ವೆ ಕಾಗದ ಓದಿದರು, ಏಪ್ರನ್ನಿನ ಜೇಬಿಗೆ ಕೈ ಹಾಕಿದರು. "ಸಿಕ್ತು ನೋಡಿ ಕೀಲಿ," ಎಂದರು. ಮೊದಲನೆಯದು ಮತ್ತೆ ಕಪ್ಪಾಗುವವರೆಗೆ, ಏಳು ತಿಂಗಳು, ಊರು ಕುಡಿದದ್ದು ಆ ತೊಳೆಯದ ತೊಟ್ಟಿಯ ನೀರನ್ನು.

ನಾನೇನು ಮಾಡಿದೆ? ವರದಿ ಬರೆದೆ. ಮರಳು ತೊಳೆದದ್ದು ಕೆಲಸಗಾರರ ತಪ್ಪು, ಕೀಲಿ ಕಳೆದದ್ದೂ ಕೆಲಸಗಾರರ ತಪ್ಪು. ಹೆಲ್ವೆಯನ್ನು ಮನೆಮನೆಯ ಮೀಟರ್ ಓದಲು ಹಾಕಿದರು. ನಾನು ಕಪ್ಪು ಮರಳಿನ ಮಹತ್ವದ ಬಗ್ಗೆ ಲೇಖನ ಬರೆದು ಹೆಸರು ಮಾಡಿದೆ. ನಿವೃತ್ತಿಯಾಗುವ ತನಕ ಅವರು ಪ್ರತಿ ತಿಂಗಳೂ ನಮ್ಮ ಮನೆಗೆ ಬಂದರು, ಬೂಟು ಒರೆಸಿಕೊಂಡರು, ಅಂಕಿ ಓದಿದರು, ಹೋದರು. ನಾನು ಒಂದು ದಿನವೂ ಕಾಫಿ ಕುಡಿದು ಹೋಗಿ ಎನ್ನಲಿಲ್ಲ. ಹೆದರಿಕೆ, ಸಭಿಕರೇ. ಕೂತರೆ ಏನಾದರೂ ಮಾತಾಡಿಬಿಡುತ್ತಾರಲ್ಲ ಎಂಬ ಹೆದರಿಕೆ.

ಐದು ನಿಮಿಷ ಮುಗಿಯಿತು, ಮಾಯ್ಲಿ ಗಡಿಯಾರ ತೋರಿಸುತ್ತಿದ್ದಾಳೆ. ಈ ಮಾತು ಅವಳಿಗೂ ಹೊಸದು. ಮನೆಗೆ ಹೋದ ಮೇಲೆ ನನಗೆ ಇನ್ನೊಂದು ಸಭೆ ಕಾದಿದೆ.

ಈ ಹೊಸ ಘಟಕದ ಗೋಡೆಯ ಮೇಲೆ ನನ್ನ ಹೆಸರಿನ ಫಲಕವಿದೆ ಎಂದುಕೊಂಡು ಮೇಯರ್ ಆಗಲೇ ಪರದೆಯ ಹಗ್ಗ ಹಿಡಿದಿದ್ದಾರೆ. ಅಕ್ಷರಗಳು ಸರಿಯಿವೆಯೇ ನೋಡಿ ಬನ್ನಿ ಎಂದು ಕೆತ್ತುವವರ ಬಳಿಗೆ ಅವರು ನನ್ನನ್ನೇ ಕಳುಹಿಸಿದ್ದರು. ನೋಡಿದೆ. ಸರಿಯಿರಲಿಲ್ಲ. ತಿದ್ದಿಸಿ ಬಂದಿದ್ದೇನೆ. ಹೆಲ್ವೆ, ನೀವು ಬಾಗಿಲ ಹತ್ತಿರ ಕೋಟು ಹಾಕಿಕೊಳ್ಳುತ್ತಿರುವುದು ಕಾಣುತ್ತಿದೆ. ಒಂದು ನಿಮಿಷ ನಿಲ್ಲಿ, ನಿಮ್ಮ ಹೆಸರು ಓದಿಕೊಂಡು ಹೋಗಿ.

ಪರದೆ ಸರಿದಾಗ ಯಾರೂ ಕೆತ್ತಿದವರನ್ನು ಬೈಯಬೇಡಿ. ಈ ಸಲ ಕೆಲಸಗಾರರ ತಪ್ಪಲ್ಲ. ಆ ಸಲವೂ ಅಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಮೇಯರ್ ಅವರೇ, ಹಗ್ಗ ಎಳೆಯಿರಿ. ನಮಸ್ಕಾರ.