ಏಳನೇ ಪಂದ್ಯ ಸೋತವಳು

ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ, ಭುಜದ ನೋವಿಗೆಂದು ಬಂದ ದರ್ಜಿ ಹೆಂಗಸೊಬ್ಬಳು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಂಡಿಗೆ ಪಟ್ಟಿ ಕಟ್ಟಿಕೊಂಡ ಎತ್ತರದ ಹುಡುಗಿ. ಅವಳು ವಾಲಿಬಾಲ್ ಲೀಗಿನ ತಂಡವೊಂದರ ನಾಯಕಿ ಎಂಬುದು ಅವಳ ಅಣ್ಣನ ಜೋರು ದನಿಯಿಂದ ಕ್ಲಿನಿಕ್ಕಿಗೆಲ್ಲ ಗೊತ್ತಾಗಿತ್ತು.

“ಇಡೀ ಲೀಗಲ್ಲಿ ನೀವೇ ಮೊದಲು. ನಾಲ್ಕನೇ ಸ್ಥಾನದವರು ಪ್ಲೇ-ಆಫಿಗೆ ಬಂದು ಕಪ್ ಹೊತ್ಕೊಂಡು ಹೋದ್ರು. ಇದ್ಯಾವ ನ್ಯಾಯ?”

“ಒಂದೇ ಪಂದ್ಯ ಆಗಿದ್ರೆ ಅದೃಷ್ಟ ಅನ್ನಬಹುದಿತ್ತು ಅಣ್ಣಾ. ಫೈನಲ್ಲಲ್ಲಿ ಏಳು ಪಂದ್ಯ ಆಡಿದ್ವಿ.”

“ಹಾಗಾದ್ರೆ ವರ್ಷವಿಡೀ ಗೆದ್ದಿದ್ದು ಲೆಕ್ಕಕ್ಕಿಲ್ವಾ?”

“ಲೀಗಲ್ಲಿ ಎಲ್ಲರೂ ಎರಡು ಸಲ ಎದುರಾಗಿ ಹೋಗ್ತಾರೆ. ಇವರು ನಮ್ಮೆದುರೇ ಠಿಕಾಣಿ ಹೂಡಿದ್ರು. ಮೊದಲ ಮೂರೂ ಪಂದ್ಯ ಸೋತ್ರು. ಸೋಲ್ತಾ ಸೋಲ್ತಾನೇ ನನ್ನ ಸರ್ವಿಸ್ ಅರೆದು ಕುಡಿದ್ಬಿಟ್ರು. ಆಮೇಲೆ ಎಲ್ಲಿ ಹೊಡೆದ್ರೂ ಅಲ್ಲೊಬ್ಬಳು ನಿಂತಿರೋಳು.”

“ನಿನ್ನ ಮಂಡಿ ಸರಿ ಇದ್ದಿದ್ರೆ ಗೆಲ್ತಿದ್ರಿ.”

“ಅವರ ನಾಯಕಿ ಪೆಟ್ಟಾದ ಬೆರಳನ್ನ ಪಕ್ಕದ ಬೆರಳಿಗೆ ಕಟ್ಕೊಂಡು ಆಡಿದ್ಲು. ನೀನು ನೋಡ್ಲಿಲ್ವಾ?”

ಅಣ್ಣ ದನಿ ತಗ್ಗಿಸಿ ಕೇಳಿದ: “ನಾಳೆ ಅವರ ಸನ್ಮಾನಕ್ಕೆ ನಿಜವಾಗ್ಲೂ ಹೋಗ್ತೀಯಾ? ಜನ ಆಡ್ಕೊಳ್ಳಲ್ವಾ?”

“ಆಡ್ಕೊಳ್ಳಲಿ. ಇಷ್ಟು ಚೆನ್ನಾಗಿ ನನ್ನನ್ನ ಯಾರೂ ಸೋಲಿಸಿರಲಿಲ್ಲ. ಅದನ್ನ ಅವಳ ಮುಖ ನೋಡಿ ಹೇಳ್ಬೇಕು.”

ಅಷ್ಟರಲ್ಲಿ ನರ್ಸ್ ಕರೆದಳು. ಹುಡುಗಿ ಅಣ್ಣನ ತೋಳು ಹಿಡಿದು ಎದ್ದಳು. ಜೀವಮಾನದಲ್ಲಿ ವಾಲಿಬಾಲ್ ನೋಡದ ದರ್ಜಿ ತನಗರಿವಿಲ್ಲದೆ ತಾನೂ ಎದ್ದು ನಿಂತು ದಾರಿ ಬಿಟ್ಟಳು.

“ಮೆಲ್ಲಗೆ ಹೆಜ್ಜೆ ಇಡೇ,” ಎನ್ನುತ್ತಿದ್ದ ಅಣ್ಣ. “ನಾಳೆ ಮುಂದಿನ ಸಾಲಲ್ಲೇ ಕೂರೋಣ. ಹಿಂದೆ ಕೂತ್ರೆ ನಿನಗೆ ಕಾಲು ಚಾಚೋಕಾಗಲ್ಲ.”