ಇಪ್ಪತ್ತರವರೆಗೆ ಎಣಿಸಿ

ಅಧ್ಯಕ್ಷ ಸ್ಥಾನದಲ್ಲಿ ಕೂತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ದೊಡ್ಡ ಡಾಕ್ಟರೇ, ನನ್ನನ್ನು ಹೊಗಳಿ ಹೊಗಳಿ ಸುಸ್ತಾದ ಸಿಸ್ಟರುಗಳೇ, ತಿಂಡಿಗೆ ಕಾದಿರುವ ಸಭಿಕರೇ,

ಇವತ್ತು ನಿವೃತ್ತಿಯಾಗುವ ತನಕ, ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ರಕ್ತದ ಕ್ಯಾನ್ಸರ್ ಮಕ್ಕಳ ವಾರ್ಡಿನ ಬಾಗಿಲು ಕಾಯುವುದು. ಆ ಮಕ್ಕಳಿಗೆ ಕೊಡುವ ಔಷಧಿಗೆ ರೋಗದ ಜೊತೆ ಮೈಯ ಕಾವಲೂ ಕುಸಿಯುತ್ತದೆ. ನಮಗೆ ಬರೀ ನೆಗಡಿ ಅನ್ನಿಸಿದ್ದು ಅವರನ್ನು ಆಕ್ಸಿಜನ್ನಿಗೆ ತಂದುಬಿಡುತ್ತದೆ. ಅದಕ್ಕೇ ಬಂದವರನ್ನೆಲ್ಲ ನಿಲ್ಲಿಸಿ, "ಇಪ್ಪತ್ತರವರೆಗೆ ಜೋರಾಗಿ ಎಣಿಸಿ" ಅನ್ನುತ್ತಿದ್ದೆ. ನೆಗಡಿ ಮುಚ್ಚಿಟ್ಟವರು ಹನ್ನೆರಡು ದಾಟುವಷ್ಟರಲ್ಲಿ ಕೆಮ್ಮಿ ಸಿಕ್ಕಿಬೀಳುತ್ತಿದ್ದರು. ಒಂದು ಸಲ ನಮ್ಮ ಅಧ್ಯಕ್ಷರೇ ಹದಿನಾಲ್ಕಕ್ಕೆ ಸೀನಿದರು. "ಧೂಳಮ್ಮಾ, ಬರೀ ಧೂಳು" ಅಂದರು. "ಧೂಳನ್ನ ಮನೇಲಿ ಬಿಟ್ಟು ಬನ್ನಿ ಸಾರ್" ಅಂದೆ. ಐದು ದಿನ ಫೋನಿನಲ್ಲೇ ರೌಂಡ್ಸ್ ಮಾಡಿದರು. ನಗಬೇಡಿ, ಮುಖ ನೋಡಿ, ಕೋಪ ಇನ್ನೂ ಇಳಿದಿಲ್ಲ.

'ಒಬ್ಬರನ್ನೂ ಬಿಟ್ಟವಳಲ್ಲ' ಅಂತ ಎಲ್ಲರೂ ಹೊಗಳಿದಿರಿ. ಒಬ್ಬರನ್ನು ಬಿಟ್ಟಿದ್ದೆ. ಯಾರನ್ನು? ನನ್ನನ್ನೇ! ಊರಿಗೆಲ್ಲ ಎಣಿಸಲು ಹೇಳಿದವಳು, ನಾನು ಮಾತ್ರ ಯಾವತ್ತೂ ಎಣಿಸಿರಲಿಲ್ಲ. ಹೋದ ವರ್ಷ ಒಂದು ದಿನ ಮೂಗು ಸೋರುತ್ತಿತ್ತು. ಎರಡನೇ ಹಾಸಿಗೆಯ ಚೋಟು, ನಾಲ್ಕು ವರ್ಷದವಳು, ನನ್ನ ಕೈಯಿಂದಲ್ಲದೆ ಮಾತ್ರೆ ನುಂಗುತ್ತಿರಲಿಲ್ಲ. "ಬಾಗಿಲಜ್ಜಿ ಬರ್ಲಿ" ಅಂತ ಹಠ. ಮಾಸ್ಕ್ ಇದೆಯಲ್ಲ, ಏನಾಗುತ್ತೆ ಅಂದುಕೊಂಡು ಹೋದೆ. ನಾಲ್ಕನೇ ದಿನ ಅವಳಿಗೆ ಜ್ವರ. ಆಮೇಲೆ ಒಂಬತ್ತು ದಿನ ಆಕ್ಸಿಜನ್. ಯಾರಿಂದ ಬಂತೋ ಹೇಳಕ್ಕಾಗಲ್ಲ ಅಂದರು ಡಾಕ್ಟರು. ಅವರಮ್ಮ ನನ್ನ ಕೈ ಹಿಡಿದು ಅತ್ತಾಗಲೂ ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತೆ. ಚೋಟು ಎದ್ದು ಕೂತಳು, ನನ್ನ ಪುಣ್ಯ. ಈಗ ಮನೆಯಲ್ಲಿದ್ದಾಳೆ, ಚಿಕಿತ್ಸೆ ಇನ್ನೂ ಮುಗಿದಿಲ್ಲ.

ಮಾಸ್ಕ್ ಹಾಕಿಕೊಂಡು ಭಾಷಣವೇ ಅಂತ ಕೇಳಿದಿರಲ್ಲ? ಇವತ್ತು ಹೊರಡುವ ಮುಂಚೆ ಎಣಿಸಿ ನೋಡಿಕೊಂಡೆ. ಹದಿನೇಳಕ್ಕೆ ಕೆಮ್ಮು. ಮಕ್ಕಳ್ಯಾರೂ ಬರಲ್ಲ ಅಂತ ಸಿಸ್ಟರ್ ಆಣೆ ಮಾಡಿದ್ದಕ್ಕೇ ಬಂದೆ.

ಅಯ್ಯೋ! ಹೂಗುಚ್ಛ ಹಿಡಿದು ಬರ್ತಿರೋದು ಯಾರು? ಚೋಟು! ಇದಾ ನಿಮ್ಮ ಗುಟ್ಟಿನ ಏರ್ಪಾಡು? ನಿಲ್ಲು ಪುಟ್ಟಾ, ಅಲ್ಲೇ ನಿಲ್ಲು! ಚೋಟು ಅಮ್ಮಾ, ಹಿಡ್ಕೊಳ್ಳಿ ಅವಳನ್ನ. ನಾನು ಹೇಳಿದ್ದೆಲ್ಲ ಕೇಳಿಸ್ತಾ? ಬೈಯೋದಿದ್ರೆ ಫೋನಿನಲ್ಲಿ ಬೈಯಿರಿ, ಇಡೀ ದಿನ ಕೇಳ್ತೀನಿ. ಅಳಬೇಡ ಕಂದಾ. ಹೂವು ಆ ಕುರ್ಚಿ ಮೇಲಿಡು. ಈಗ ನೀನು ಇಪ್ಪತ್ತರವರೆಗೆ ಎಣಿಸು. ಅಷ್ಟರಲ್ಲಿ ಬಾಗಿಲಜ್ಜಿ ಈ ಪಕ್ಕದ ಬಾಗಿಲಿಂದ ಹೋಗಿರ್ತಾಳೆ.

ಎಲ್ಲರಿಗೂ ವಂದನೆಗಳು. ಅಧ್ಯಕ್ಷರೇ, ನನ್ನ ಪಾಲಿನ ತಿಂಡಿ ನಿಮಗೆ. ನಮಸ್ಕಾರ, ದೂರದಿಂದಲೇ.